ಚಿಕ್ಕಜ್ಜನ ಅಂಚೆ ಕಾರ್ಡಿನ ಒಗಟು: ಮಂಗಳೂರಿನಲ್ಲಿ ಇದು ಯಾವ ಜಾಗ?

ಕೊಂಚಾಡಿಯ ಸೊಸೆ:

ನಮ್ಮ ಮಾವನವರಿಗೆ ಒಬ್ಬರು ಚಿಕ್ಕಪ್ಪ ಇದ್ದಾರೆ. ಮನೆಯಲ್ಲಿ ಎಲ್ಲರಿಗೂ ಅವರು ಚಿಕ್ಕಜ್ಜ. ಅಂಚೆ ಇಲಾಖೆಯಲ್ಲಿ ಕಾಗದ ವಿಂಗಡಿಸಿ ವಿಂಗಡಿಸಿ ನಿವೃತ್ತರಾದವರು, ಈಗ ಎಂಬತ್ತೊಂದು ವರ್ಷ, ಉಡುಪಿಯಲ್ಲಿ ವಾಸ. ಪ್ರತಿ ವರ್ಷ ದೀಪಾವಳಿಗೆ ಮುಂಚೆ ಕುಟುಂಬದ ಎಲ್ಲ ಮನೆಗಳಿಗೂ ಐವತ್ತು ಪೈಸೆಯ ಒಂದೊಂದು ಕಾರ್ಡು ಬರುತ್ತದೆ. ಕ್ಷೇಮ ಸಮಾಚಾರ ಒಂದಕ್ಷರವೂ ಇರುವುದಿಲ್ಲ, ಬರೀ ನಾಲ್ಕು ಸಾಲಿನ ಒಗಟು. ಉತ್ತರ ಯಾವುದಾದರೂ ಒಂದು ಜಾಗ. ಅಲ್ಲಿಗೆ ಹೋಗಿ ನಿಂತು ಫೋಟೊ ತೆಗೆದು ಮೊದಲು ಕಳುಹಿಸಿದವರಿಗೆ ನೂರ ಒಂದು ರೂಪಾಯಿ. ಅದಕ್ಕಿಂತ ಹೆಚ್ಚಾಗಿ ಒಂದು ವರ್ಷ ಪೂರ್ತಿ ಕುಟುಂಬದ ಮೇಲೆ ಯಜಮಾನಿಕೆ. ಕಳೆದ ವರ್ಷ ಗೆದ್ದ ನನ್ನ ಓರಗಿತ್ತಿಯ ಯಜಮಾನಿಕೆ ಹೇಗಿತ್ತು ಎಂದು ಕೇಳಬೇಡಿ.

ಕಳೆದ ವರ್ಷದ್ದು ಸುಲಭವಿತ್ತು. "ಚುಕ್ಕಿಗಳ ಒಡೆಯನ ಊರು, ಬಾಗಿಲಿಗೆ ಬೆನ್ನು ಹಾಕಿದವನಾರು?" ಉಡು ಎಂದರೆ ನಕ್ಷತ್ರ, ಉಡುಪ ಎಂದರೆ ಚಂದ್ರ, ಅಲ್ಲಿಗೆ ಊರು ಉಡುಪಿ. ಪಶ್ಚಿಮಕ್ಕೆ ಮುಖ ಮಾಡಿ ನಿಂತ ಕೃಷ್ಣ ಗೊತ್ತಿದ್ದವರಿಗೆ ಕನಕನ ಕಿಂಡಿ ತಲುಪಲು ಎರಡು ನಿಮಿಷ ಸಾಕು. ನನಗೆ ಹತ್ತು ನಿಮಿಷ ಬೇಕಾಯಿತು. ಓರಗಿತ್ತಿಯ ಮನೆ ರಥಬೀದಿಗೆ ಹತ್ತಿರ, ಅದು ನನ್ನ ತಪ್ಪಲ್ಲ.

ಈ ವರ್ಷದ ಕಾರ್ಡು ಇದು:

*ಕತ್ತಲೆಯಲ್ಲಿ ತೋಟಕ್ಕೆ ನಡೆವವನ ಕೈಯೊಳಗೆ ನನ್ನ ಹೆಸರು,*
*ರೆಪ್ಪೆಯಿಲ್ಲದ ಕಣ್ಣು ಸುತ್ತಲೂ, ಎದುರಿಗೆ ಉಪ್ಪು ಬೆರೆತ ನೀರು.*
*ಕರೆಯದ ನೆಂಟರ ದಾರಿ ಕಾದು ಕಪ್ಪಾಗಿದೆ ನನ್ನ ಮೋರೆ,*
*ವಾದ ಸಾಕು, ಹಿಂದಿನಿಂದ ಎಣಿಸಿ ನೋಡು, ನನ್ನ ದೊರೆ.*

ನಾನು ಯೋಚಿಸಿದ್ದು ಹೀಗೆ. ಕತ್ತಲೆಯಲ್ಲಿ ತೋಟಕ್ಕೆ ಹೋಗುವವನ ಕೈಯಲ್ಲಿ ದೀಪವಲ್ಲದೆ ಇನ್ನೇನಿರುತ್ತದೆ? ಚಿಕ್ಕಜ್ಜನ ಕಾಲದಲ್ಲಿ ಸೂಟೆಯೋ ಲಾಟೀನೋ ಇದ್ದಿರಬೇಕು. ದೀಪ ಎಂದ ಮೇಲೆ ಲೈಟ್‌ಹೌಸ್ ಹಿಲ್, ನಮ್ಮ ಬಾವುಟಗುಡ್ಡೆ. ಅಲ್ಲಿನ ಹಳೆಯ ದೀಪಸ್ತಂಭ ಎಂದು ಖಚಿತ ಮಾಡಿಕೊಂಡ ಮೇಲೆ ಉಳಿದ ಸಾಲುಗಳನ್ನು ಎಳೆದು ಎಳೆದು ಕೂರಿಸಿದೆ. ರೆಪ್ಪೆಯಿಲ್ಲದ ಕಣ್ಣು ಎಂದರೆ ಕಿಟಕಿ. ಉಪ್ಪು ಬೆರೆತ ನೀರು ಎಂದರೆ ಗುಡ್ಡದ ಮೇಲಿನಿಂದ ಕಾಣುವ ಅಳಿವೆ. ಕರೆಯದ ನೆಂಟರು ಎಂದರೆ 1837ರಲ್ಲಿ ಸುಳ್ಯದ ಕಡೆಯಿಂದ ಬಂದು ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಏರಿಸಿದ ರೈತ ದಂಡು. ಕೊನೆಯ ಸಾಲು ಅರ್ಥವಾಗಲಿಲ್ಲ. ಪ್ರಾಸಕ್ಕೆ ಹಾಕಿರಬೇಕು ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ಇಬ್ಬರು ಮಕ್ಕಳನ್ನು ಎಳೆದುಕೊಂಡು ಗುಡ್ಡ ಹತ್ತಿದೆ. ಚಿಕ್ಕವನು ಟಾಗೋರ್ ಪಾರ್ಕಿನ ಬೆಂಚಿನ ಮೇಲೆ ಕುಳಿತವನು ಏಳಲೇ ಇಲ್ಲ. ಫೋಟೊ ಕಳುಹಿಸಿದ ಐದೇ ನಿಮಿಷಕ್ಕೆ ಚಿಕ್ಕಜ್ಜನ ಕರೆ ಬಂತು. ಹೇಳಿದ್ದು ಇಷ್ಟೇ: "ನಾನು ಕೈ ತೋರಿಸಿದರೆ ನೀನು ಬೆಳಕು ನೋಡಿದೆ. ಕೈಯಲ್ಲಿ ಏನಿದೆ ನೋಡು." ಫೋನು ಇಟ್ಟುಬಿಟ್ಟರು.

ಎಡವಿದ್ದು ಎಲ್ಲಿ? ನೇರ ಉತ್ತರಕ್ಕಿಂತ ದಾರಿ ಹೇಳಿದರೆ ಸಂತೋಷ. ಓರಗಿತ್ತಿ ಇಲ್ಲಿ ಸದಸ್ಯೆಯಲ್ಲ, ವಿಚಾರಿಸಿಯೇ ಬರೆಯುತ್ತಿದ್ದೇನೆ.

ಕಾಪು ಕಡಲು:

ದೀಪ ಸರಿ, ಊರು ತಪ್ಪು. ಕಾಪು ದೀಪಸ್ತಂಭ ನೋಡಿ. 1901ರಲ್ಲಿ ಕಟ್ಟಿದ್ದು, 27 ಮೀಟರ್ ಎತ್ತರ, ಬುಡದಲ್ಲಿ ಬಂಡೆ, ಎದುರಿಗೆ ಉಪ್ಪು ನೀರೇ ನೀರು. ಅದಲ್ಲದಿದ್ದರೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ ತಣಿದು ಕಂಬ ಕಂಬವಾಗಿ ನಿಂತ ಕಲ್ಲುಗಳು ಅಲ್ಲಿವೆ, ಅದೇ ಕಪ್ಪು ಮೋರೆ. ಕರೆಯದೇ ಬಂದ ನೆಂಟ ವಾಸ್ಕೋ ಡ ಗಾಮ, 1498. ಅವನು ಅಲ್ಲಿ ಇಳಿದ ಎಂಬ ಪ್ರತೀತಿ ನಮ್ಮ ಕಡೆ ಇಂದಿಗೂ ಇದೆ.

ಕೊಂಚಾಡಿಯ ಸೊಸೆ:

ಕಾಪುವಿನ ಮೇಲೆ ನಿಮಗಿರುವ ಅಭಿಮಾನ ಅರ್ಥವಾಗುತ್ತದೆ. ಆದರೆ ನಿನ್ನೆ ರಾತ್ರಿ ಪಾತ್ರೆ ತೊಳೆಯುವಾಗ ನನಗೊಂದು ಹೊಳೆಯಿತು: ದೀಪಸ್ತಂಭದ ಕೆಲಸ ನೆಂಟರನ್ನು ಕರೆಯುವುದು. ಕರೆಯದ ನೆಂಟರಿಗಾಗಿ ಕಾಯುವುದು ಬೇರೆಯೇ ಕೆಲಸ. ಹಾಗಾಗಿ ಬಾವುಟಗುಡ್ಡೆಯ ಜೊತೆಗೆ ಕಾಪುವೂ ಬಿತ್ತು. ದ್ವೀಪದ ವಿಚಾರ ಚೆನ್ನಾಗಿದೆ, ಆದರೆ ಗಾಮ ಬಂದುಬಿಟ್ಟವನು. ನಮ್ಮ ಒಗಟಿನವನು ಇನ್ನೂ ಕಾಯುತ್ತಿರುವಂತಿದೆ. ಮೇಲಾಗಿ, ತೋಟಕ್ಕೆ ಹೋಗುವವನ ಕೈಯಲ್ಲಿ ಮೇರಿ ಮಾತೆಯ ಹೆಸರು ಹೇಗೆ ಬರುತ್ತದೆ?

ಅಟ್ಟದ ಇಲಿ:

ಒಗಟು ಬಿಡಿಸುವ ಶಕ್ತಿ ನನಗಿಲ್ಲ, ಒಂದು ಬುದ್ಧಿಮಾತು ಮಾತ್ರ ಹೇಳುತ್ತೇನೆ. ಅಮೆರಿಕದಲ್ಲಿ ಒಬ್ಬ ಪ್ರಕಾಶಕ ಹನ್ನೆರಡು ಪೆಟ್ಟಿಗೆಗಳನ್ನು ಬೇರೆ ಬೇರೆ ಕಡೆ ಹೂತು, ಜಾಗಗಳ ಸುಳಿವನ್ನು ಪದ್ಯಗಳಲ್ಲಿ, ಚಿತ್ರಗಳಲ್ಲಿ ಅಡಗಿಸಿ 1982ರಲ್ಲಿ ಪುಸ್ತಕ ಮಾಡಿದ. 1983ರಲ್ಲಿ ಶಿಕಾಗೋದಲ್ಲಿ ಒಂದು ಸಿಕ್ಕಿತು, 2004ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಇನ್ನೊಂದು, 2019ರಲ್ಲಿ ಬಾಸ್ಟನ್ನಿನಲ್ಲಿ ಮೂರನೆಯದು. ಆ ಮಹಾಶಯ 2005ರಲ್ಲೇ ಅಪಘಾತದಲ್ಲಿ ತೀರಿಕೊಂಡ. ಉಳಿದವುಗಳನ್ನು ಜನ ಇನ್ನೂ ಹುಡುಕುತ್ತಿದ್ದಾರೆ. ನಿಮ್ಮ ಚಿಕ್ಕಜ್ಜನಿಗೆ ಎಂಬತ್ತೊಂದು ಎಂದಿರಿ. ಉತ್ತರಗಳನ್ನೆಲ್ಲ ಒಂದು ಲಕೋಟೆಯಲ್ಲಿ ಬರೆದಿಡಲು ಹೇಳಿ.

ತಂಬೂರಿ:

ಕೊನೆಯ ಸಾಲು ಪ್ರಾಸಕ್ಕೆ ಹಾಕಿದ್ದಲ್ಲ. ಬೀಗದ ಕೈ ಇರುವುದೇ ಅಲ್ಲಿ. ನಿಮ್ಮ ಚಿಕ್ಕಜ್ಜ ಸಂಗೀತ ಕಲಿತವರೇ?

ಕರ್ನಾಟಕ ಸಂಗೀತದಲ್ಲಿ ಮೇಳಕರ್ತ ರಾಗಗಳ, ಅಂದರೆ ಮೂಲ ರಾಗಗಳ, ಹೆಸರಿನಲ್ಲೇ ಅವುಗಳ ಕ್ರಮಸಂಖ್ಯೆ ಅಡಗಿರುತ್ತದೆ. ಕಟಪಯಾದಿ ಎನ್ನುತ್ತಾರೆ. ಕ, ಟ, ಪ, ಯ ಈ ನಾಲ್ಕಕ್ಕೂ ಬೆಲೆ ಒಂದು, ಅಲ್ಲಿಂದ ವರ್ಣಮಾಲೆಯ ಕ್ರಮದಲ್ಲಿ ಎಣಿಸುತ್ತ ಹೋಗಬೇಕು. ಸ್ವರಕ್ಕೆ ಲೆಕ್ಕವಿಲ್ಲ, ವ್ಯಂಜನ ಮಾತ್ರ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ರಾಗಕ್ಕೆ ಹೆಸರಿನ ಮೊದಲ ಎರಡು ಅಕ್ಷರ ಸಾಕು: ಮಾಯಾಮಾಳವಗೌಳದಲ್ಲಿ ಮ ಐದು, ಯ ಒಂದು. ಐವತ್ತೊಂದಲ್ಲ, ತಿರುಗಿಸಿ ಹದಿನೈದು. ಮೇಚಕಲ್ಯಾಣಿಯಲ್ಲಿ ಮ ಐದು, ಚ ಆರು, ತಿರುಗಿಸಿದರೆ ಅರವತ್ತೈದು.

ಈಗ "ವಾದ ಸಾಕು" ನೋಡಿ. ಯ, ರ, ಲ, ವ: ವ ನಾಲ್ಕು. ಟ ಠ ಡ ಢ ಣ ತ ಥ ದ: ದ ಎಂಟು. ಯ ರ ಲ ವ ಶ ಷ ಸ: ಸ ಏಳು. ಕ ಒಂದು. 4871. "ಹಿಂದಿನಿಂದ ಎಣಿಸಿ ನೋಡು" ಎಂದಿದ್ದಾರಲ್ಲ: 1784!

ಅಂಚೆ ಕಾರ್ಡಿನಲ್ಲಿ ಇದನ್ನು ಓದಿ ಒಬ್ಬಳೇ ಕುಳಿತು ಚಪ್ಪಾಳೆ ತಟ್ಟಿದೆ. ಸಂಖ್ಯೆಗಾಗಿ ಅರ್ಥವಿಲ್ಲದ ಪದ ಹೊಸೆಯುವವರು ಬಹಳ. ಇವರದ್ದು ಮನೆಯಲ್ಲಿ ದಿನಾ ಆಡುವ ಮಾತು. ಮುಂದೆ ಇನ್ನೂ ಇದೆ. 1784ರ ಮಾರ್ಚ್ 11ರಂದು ಟಿಪ್ಪು ಸುಲ್ತಾನನಿಗೂ ಈಸ್ಟ್ ಇಂಡಿಯಾ ಕಂಪನಿಗೂ ಒಪ್ಪಂದವಾಗಿ ಎರಡನೆಯ ಆಂಗ್ಲೋ-ಮೈಸೂರು ಯುದ್ಧ ಮುಗಿಯಿತು. ಸಹಿ ಬಿದ್ದದ್ದು ಮಂಗಳೂರಿನಲ್ಲಿ. ಜಗಳ ಮುಗಿದ ವರ್ಷಕ್ಕೆ "ವಾದ ಸಾಕು"!

ಆದರೆ ಒಪ್ಪಂದಕ್ಕೆ ಕಣ್ಣೂ ಇಲ್ಲ, ಮೋರೆಯೂ ಇಲ್ಲ. ನನ್ನ ಬಂಡಿ ಇಲ್ಲಿಗೆ ನಿಂತಿತು.

ಬೋಳೂರು ದಡ:

ತಂಬೂರಿಯವರೇ, ಬಂಡಿಯನ್ನು ಇನ್ನೊಂದು ಮಾರು ಎಳೆದಿದ್ದರೆ ನಮ್ಮ ಮನೆಯಂಗಳಕ್ಕೇ ಬರುತ್ತಿತ್ತು.

ಸೊಸೆಯವರೇ, ನಿಮ್ಮ ಅಜ್ಜನ ಕಾಲಕ್ಕೆ ಸೂಟೆಯವರೆಗೆ ಹಿಂದೆ ಹೋಗಬೇಕಾಗಿರಲಿಲ್ಲ. ರಾತ್ರಿ ಅಡಿಕೆ ತೋಟಕ್ಕೆ ನೀರು ಬಿಡಲು ಹೊರಟವರು ಮನೆಯೊಳಗೆ ತಿರುಗಿ ಏನೆಂದು ಕೂಗುತ್ತಾರೆ? "ಬ್ಯಾಟರಿ ಎಲ್ಲಿ?" ಟಾರ್ಚ್ ಎಂದು ನಮ್ಮ ಕಡೆ ಯಾರು ಹೇಳುತ್ತಾರೆ? ಕೈಯಲ್ಲಿರುವುದು ಬ್ಯಾಟರಿ, ಜಾಗ ಸುಲ್ತಾನ್ ಬತ್ತೇರಿ. ಎರಡೂ ಮೂಲದಲ್ಲಿ ಒಂದೇ ಇಂಗ್ಲಿಷ್ ಪದ. ಮೊದಲು ಅದು ಫಿರಂಗಿಗಳ ಸಾಲಿಗೆ ಇದ್ದ ಹೆಸರು, ವಿದ್ಯುತ್ತಿಗೆ ಬಂದದ್ದು ಆಮೇಲೆ. 1749ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಗಾಜಿನ ಜಾಡಿಗಳನ್ನು ಸಾಲಾಗಿ ಜೋಡಿಸಿ, ಅದಕ್ಕೆ ಆ ಫಿರಂಗಿ ಸಾಲಿನ ಹೆಸರಿಟ್ಟ. ಒಗಟಿನ ಕೊನೆಯ ಪದ "ದೊರೆ", ಅಂದರೆ ಸುಲ್ತಾನ. ಪೂರ್ತಿ ಹೆಸರು ನಿಮ್ಮ ಕಾರ್ಡಿನಲ್ಲೇ ಇದೆ, ತಲೆ ಒಂದು ತುದಿಯಲ್ಲಿ, ಬಾಲ ಇನ್ನೊಂದು ತುದಿಯಲ್ಲಿ.

ಕರೆಯದ ನೆಂಟರು ಬ್ರಿಟಿಷರ ಯುದ್ಧನೌಕೆಗಳು. ಅವು ಗುರುಪುರ ನದಿಯೊಳಗೆ ನುಗ್ಗದಂತೆ ಕಾಯಲು ಟಿಪ್ಪು 1784ರಲ್ಲಿ ಕಟ್ಟಿಸಿದ ಬುರುಜು ಅದು. ಸಂಧಿಯಾದ ವರ್ಷವೇ ಕಾವಲು! ನಂಬಿಕೆ ಎಷ್ಟಿತ್ತು ಎಂದು ಅದರಲ್ಲೇ ಗೊತ್ತಾಗುತ್ತದೆ. ಸುತ್ತಲಿನ ಗೋಡೆಯಲ್ಲಿ ಫಿರಂಗಿಯ ಬಾಯಿ ಇಡಲು ಬಿಟ್ಟ ಕಂಡಿಗಳಿವೆ, ನಿಮ್ಮ ರೆಪ್ಪೆಯಿಲ್ಲದ ಕಣ್ಣುಗಳು. ಕೆಳಗೆ ಮದ್ದುಗುಂಡು ಇಡುತ್ತಿದ್ದ ಕೋಣೆ. ಎದುರಿನ ನೀರು ಸಮುದ್ರಕ್ಕೆ ಸೇರುವ ಹೊತ್ತಿನ ನೀರು, ಬಾಯಿಗೆ ಹಾಕಿದರೆ ಗೊತ್ತಾಗುತ್ತದೆ.

ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಮಾತ್ರ "ಕಪ್ಪು". ನಮ್ಮೂರಿನಲ್ಲಿ ಹಳೆಯದೆಂದರೆ ಕೆಂಪು. ಮುರಕಲ್ಲಿನ ಗೋಡೆ, ಮುರಕಲ್ಲಿನ ಬಾವಿ, ಮೇಲೆ ಕೆಂಪು ಹಂಚು. ಕರಿಕಲ್ಲಿನಲ್ಲಿ ಕಟ್ಟಿ ನದಿಗೆ ಮುಖ ಮಾಡಿ ನಿಲ್ಲಿಸಿದ್ದು ಎಂದರೆ ಬತ್ತೇರಿಯೇ.

ಮಧ್ಯಾಹ್ನ ಹೋಗಬೇಡಿ, ಸಂಜೆ ನಾಲ್ಕೂವರೆಗೆ ಬನ್ನಿ. ಮೆಟ್ಟಿಲು ಹತ್ತಿದ ಮೇಲೆ ನದಿಯ ಕಡೆಯ ಕಂಡಿಯೊಂದಕ್ಕೆ ಮುಖ ಒಡ್ಡಿ ನಿಲ್ಲಿ. ಎದುರು ದಡದ ತಣ್ಣೀರುಬಾವಿಗೆ ಹೋಗುವ ದೋಣಿ ಆ ಚೌಕಟ್ಟಿನೊಳಗೆ ಬಂದಾಗ ಫೋಟೊ ತೆಗೆದರೆ ಅಜ್ಜ ಎರಡನೆಯ ಮಾತಾಡುವುದಿಲ್ಲ.

ಕಾಪು ಕಡಲು:

ಒಪ್ಪಿದೆ. ಆದರೂ ಕಾಪುವಿಗೆ ಒಮ್ಮೆ ಬನ್ನಿ.

ಕೊಂಚಾಡಿಯ ಸೊಸೆ:

ಹೋಗಿ ಬಂದೆ. ಲೇಡಿಹಿಲ್‌ನಿಂದ ಆಟೋ ಹಿಡಿದು ನಾಲ್ಕೂ ನಲವತ್ತಕ್ಕೆ ಅಲ್ಲಿದ್ದೆ. ಈ ಸಲ ಮಕ್ಕಳೇ ನನ್ನನ್ನು ಎಳೆದುಕೊಂಡು ಹೋದರು. ದೊಡ್ಡವಳು ಮೆಟ್ಟಿಲು ಹತ್ತುತ್ತಲೇ "ವ ನಾಲ್ಕು, ದ ಎಂಟು" ಎಂದು ಪಠಿಸುತ್ತಿದ್ದಳು. ತಂಬೂರಿಯವರಿಗೆ ನಮಸ್ಕಾರ, ಮನೆಯಲ್ಲಿ ಎಲ್ಲರ ಹೆಸರಿಗೂ ಅಂಕಿ ಬಂದಿದೆ.

ಕಂಡಿಗೆ ಕಣ್ಣು ಹಚ್ಚಿದರೆ ಕಲ್ಲು ಆ ಹೊತ್ತಿನಲ್ಲೂ ಬಿಸಿಯಾಗಿತ್ತು, ಕೆನ್ನೆಗೆ ಹತ್ತಿತು. ಒಳಗಿನಿಂದ ಹೊರಗೆ ನದಿ ತುಂಬ ಅಗಲ ಕಾಣುತ್ತದೆ. ಕೆಳಗಿಳಿದು ಹೊರಗಿನಿಂದ ಅದೇ ಕಂಡಿಯನ್ನು ನೋಡಿದರೆ ಒಳಗಿದ್ದ ನನ್ನ ಮಗ ಕಾಣಲೇ ಇಲ್ಲ, ಬರೀ ಕತ್ತಲೆ. ಅವನಿಗೆ ಮಾತ್ರ ನಾನು ಚಪ್ಪಲಿ ಸರಿಮಾಡಿಕೊಂಡದ್ದೂ ಕಂಡಿತಂತೆ. ದೋಣಿ ಚೌಕಟ್ಟಿಗೆ ಬರುವವರೆಗೆ ಇಪ್ಪತ್ತು ನಿಮಿಷ ಕಾದು ಫೋಟೊ ತೆಗೆದೆವು.

ಚಿಕ್ಕಜ್ಜ ಕರೆ ಮಾಡಿದರು. ನಾನು ಸುಳ್ಳು ಹೇಳಲಿಲ್ಲ. ಇಲ್ಲಿ ಕೇಳಿದ್ದನ್ನು, ಯಾರು ಯಾರು ಏನೇನು ಹೇಳಿದರೆಂಬುದನ್ನು ಎಲ್ಲ ಓದಿ ಹೇಳಿದೆ. "ವಾದ ಸಾಕು" ಸಂಧಿಗೂ ಹೊಂದುತ್ತದೆ ಎಂಬ ತಂಬೂರಿಯವರ ಮಾತಿಗೆ ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಅದು ನನಗೂ ಹೊಳೆದಿರಲಿಲ್ಲ, ಆದರೆ ಹೊಳೆದಿತ್ತು ಎಂದೇ ಬರೆದುಬಿಡು" ಎಂದರು. ಲಕೋಟೆಯ ಸಲಹೆಗೆ, "ಬರೆದಿಟ್ಟರೆ ನಿಮ್ಮ ಮಾವ ಕದ್ದು ಓದುತ್ತಾನೆ" ಎಂಬ ಉತ್ತರ.

ಬಹುಮಾನದ ತೀರ್ಪು ಹೀಗಿದೆ. ಉತ್ತರಿಸಿದವರು ನಾಲ್ವರು, ನಾನು ಐದನೆಯವಳು. ನೂರ ಒಂದನ್ನು ಐದು ಪಾಲು ಮಾಡಿದರೆ ತಲಾ ಇಪ್ಪತ್ತು ರೂಪಾಯಿ ಇಪ್ಪತ್ತು ಪೈಸೆ. ತಪ್ಪು ಉತ್ತರಕ್ಕೂ ಸಮಪಾಲು ಏಕೆ ಎಂದು ಕೇಳಿದೆ. ಕಾಪುವಿನವರು ಹಾಗೆ ಹೇಳದಿದ್ದರೆ ದೀಪಸ್ತಂಭ ನೆಂಟರನ್ನು ಕರೆಯುತ್ತದೆ ಎಂದು ನಿನಗೆ ಹೊಳೆಯುತ್ತಿತ್ತೇ ಎಂದು ತಿರುಗಿ ಕೇಳಿದರು. ಇಪ್ಪತ್ತು ಪೈಸೆ 2011ರಿಂದಲೇ ಚಲಾವಣೆಯಲ್ಲಿಲ್ಲವಾದ್ದರಿಂದ ಆ ಐದು ಪಾಲಿನ ಒಂದು ರೂಪಾಯಿ ಅವರಿಗೇ, ಮುಂದಿನ ವರ್ಷದ ಎರಡು ಕಾರ್ಡಿಗೆ.