ಕೈದಿಗಳನ್ನು ಹಿಂಸಿಸಿದ ಸೈನಿಕ ಮತ್ತೆ ಕರ್ತವ್ಯಕ್ಕೆ ಮರಳಬಹುದೇ?

ಪ್ರಶ್ನೆ: ಇರಾಕಿನ ಅಬು ಘ್ರೈಬ್ ಸೆರೆಮನೆಯಲ್ಲಿ ನಾಯಿಯಿಂದ ಕೈದಿಯನ್ನು ಬೆದರಿಸಿದ ಅಮೆರಿಕದ ಸಾರ್ಜೆಂಟ್ ಒಬ್ಬನಿಗೆ 2006ರಲ್ಲಿ 90 ದಿನಗಳ ಕಠಿಣ ದುಡಿಮೆ ಮತ್ತು ಹಿಂಬಡ್ತಿಯ ಶಿಕ್ಷೆಯಾಯಿತೇ ಹೊರತು ಸೇನೆಯಿಂದ ವಜಾ ಆಗಲಿಲ್ಲ; ಅದೇ ವರ್ಷ ಇರಾಕಿನತ್ತ ಹೊರಟ ತುಕಡಿಯಲ್ಲಿ ಅವನೂ ಇದ್ದ. ಇದು ಸರಿಯೇ?

ಉತ್ತರ 1: ಶಿಕ್ಷೆ ಪೂರೈಸಿದವನನ್ನು ಮತ್ತೆ ದಂಡಿಸಬಾರದೆಂಬುದನ್ನು ಒಪ್ಪುತ್ತೇನೆ. ಆದರೆ ಸಮವಸ್ತ್ರ ಯಾರ ಹಕ್ಕೂ ಅಲ್ಲ. 1949ರ ಜಿನೀವಾ ಒಪ್ಪಂದಗಳು ಸೆರೆಸಿಕ್ಕವರಿಗೆ ನೀಡಿರುವ ರಕ್ಷಣೆಯನ್ನು ಮುರಿದವನ ವಶಕ್ಕೆ ನಿರಾಯುಧರನ್ನು ಮತ್ತೊಮ್ಮೆ ಒಪ್ಪಿಸುವುದು, ಅದರಲ್ಲೂ ಅದೇ ನಾಡಿನವರನ್ನು ಒಪ್ಪಿಸುವುದು, ನೊಂದವರಿಗೆ ಮಾಡುವ ಅವಮಾನ.

ಉತ್ತರ 2: ಕೆಳದರ್ಜೆಯವರನ್ನಷ್ಟೇ ದೂರುವುದೂ ನನಗೆ ಒಪ್ಪಿತವಲ್ಲ. ಆ ಪ್ರಕರಣದಲ್ಲಿ ಸೇನಾ ನ್ಯಾಯಾಲಯದ ಮುಂದೆ ನಿಂತ ಏಕೈಕ ಅಧಿಕಾರಿ, ಒಬ್ಬ ಲೆಫ್ಟಿನೆಂಟ್ ಕರ್ನಲ್, 2007ರಲ್ಲಿ ಕೈದಿಗಳ ಹಿಂಸೆಯ ಆರೋಪಗಳಿಂದ ಮುಕ್ತನಾದ.

ಪ್ರಶ್ನೆ ಕೇಳಿದವರು: ಸುದ್ದಿ ಹೊರಬಿದ್ದ ಮೇಲೆ ಆ ಸಾರ್ಜೆಂಟನನ್ನು ಕುವೈತ್‌ನಿಂದಲೇ ಹಿಂದೆ ಕರೆಸಿದರು. ಪತ್ರಿಕೆಗಳು ಬರೆಯದಿದ್ದರೆ ಅವನು ಇರಾಕನ್ನು ತಲುಪುತ್ತಿದ್ದನೆಂಬುದೇ ನನ್ನ ಆತಂಕ.