ಅಮ್ಮನ ಶುಗರ್, ಬಿಪಿಯ ಹೊಣೆಯನ್ನು ಅಮ್ಮನಿಗೇ ಒಪ್ಪಿಸುವುದು ಹೇಗೆ?

ಪ್ರಶ್ನೆ (ಮಗಳು, ಬೆಂಗಳೂರು):

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ 72 ವರ್ಷ; ಸಾಗರದ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯೂ ಬಿಪಿಯೂ ಇವೆ. ತಿಂಗಳಿಗೊಮ್ಮೆ ನಾನು ಊರಿಗೆ ಹೋಗಿ ಬೆಳಿಗ್ಗೆಯ ಮತ್ತು ರಾತ್ರಿಯ ಡಬ್ಬಿಗಳಿಗೆ ಮಾತ್ರೆ ತುಂಬಿಸಿ ಬರುತ್ತೇನೆ. ವೈದ್ಯರೊಂದಿಗೆ ಮಾತನಾಡುವವಳೂ ನಾನೇ. ಕಳೆದ ಏಕಾದಶಿಯಂದು ಅಮ್ಮ ಉಪವಾಸವಿದ್ದರೂ ಡಬ್ಬಿಯಲ್ಲಿದ್ದ ಮಾತ್ರೆಯನ್ನು ತಪ್ಪದೆ ನುಂಗಿ, ಹನ್ನೊಂದರ ಹೊತ್ತಿಗೆ ಮೈಯೆಲ್ಲ ಬೆವೆತು, ಕೈ ನಡುಗಿ, ಬಚ್ಚಲಿನ ಬಾಗಿಲಲ್ಲೇ ಕುಸಿದು ಕುಳಿತರಂತೆ. ಪಕ್ಕದ ಮನೆಯವರು ಬೆಲ್ಲದ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು. "ಯಾವ ಮಾತ್ರೆ ಯಾತಕ್ಕೆ ಅಂತ ನನಗೇನು ಗೊತ್ತು ಮಗಾ, ನೀನು ಹಾಕಿಟ್ಟಿದ್ದನ್ನು ನುಂಗಿದೆ" ಎಂದರು. ಹಾಲಿನ ಲೆಕ್ಕ, ಅಡಿಕೆ ಕೊಯ್ಲಿನ ಕೂಲಿಯ ಲೆಕ್ಕವನ್ನೆಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದು ಒಂದು ರೂಪಾಯಿಯೂ ತಪ್ಪದಂತೆ ನಡೆಸುವ ನನ್ನ ತಾಯಿ ತಮ್ಮ ಆರೋಗ್ಯದ ವಿಷಯದಲ್ಲಿ ಹೀಗಾಗಲು ನಾನೇ ಕಾರಣಳೆಂದು ತೋರುತ್ತಿದೆ. ಇದನ್ನು ಸರಿಪಡಿಸುವುದು ಹೇಗೆ?

ಉತ್ತರ 1 (ನಿವೃತ್ತ ನರ್ಸ್):

ತಾಯಿಯವರು ಪಾರಾದದ್ದು ದೊಡ್ಡ ಸಮಾಧಾನ. ಮುಂದಿನ ಸಲ ಊರಿಗೆ ಹೋದಾಗ ಡಬ್ಬಿಗಳನ್ನು ಬದಿಗಿಟ್ಟು, ಮಾತ್ರೆಯ ಸ್ಟ್ರಿಪ್‌ಗಳನ್ನೇ ಅವರ ಮುಂದೆ ಹರಡಿ, ಯಾವುದು ಶುಗರಿಗೆ, ಯಾವುದು ಬಿಪಿಗೆ ಎಂಬುದನ್ನು ಅವರ ಕೈಯಿಂದಲೇ ಬರೆಸಿ. ಗ್ಲಿಮೆಪಿರೈಡ್‌ನಂತಹ ಶುಗರ್ ಮಾತ್ರೆಗಳು ಹೊಟ್ಟೆಗೆ ಊಟ ಬೀಳಲಿ, ಬೀಳದಿರಲಿ, ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸುತ್ತವೆ. ಉಪವಾಸದ ದಿನ ರಕ್ತದ ಸಕ್ಕರೆ ತೀರಾ ಇಳಿದು ಅಪಾಯವಾಗುವುದು ಅದರಿಂದಲೇ. ಮೆಟ್‌ಫಾರ್ಮಿನ್ ಎಂಬ ಬೇರೆ ಶುಗರ್ ಮಾತ್ರೆಯನ್ನಷ್ಟೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಹೀಗೆ ಇಳಿಯುವುದು ಅಪರೂಪ. ಬೆವರು, ನಡುಕ, ಕಣ್ಣುಕತ್ತಲೆ ಬಂದರೆ, ಅಥವಾ ಸಕ್ಕರೆ ಅಳೆಯುವ ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ, ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಏರದಿದ್ದರೆ ಇನ್ನೊಮ್ಮೆ ಕುಡಿದು, ಏರಿದ ಮೇಲೆ ಏನಾದರೂ ಊಟ ಮಾಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯದೆ 108ಕ್ಕೆ ಕರೆ ಮಾಡಬೇಕೆಂದು ಪಕ್ಕದ ಮನೆಯವರಿಗೂ ತಿಳಿಸಿರಿ. ಗ್ಲಿಮೆಪಿರೈಡ್‌ನಂತಹ ಮಾತ್ರೆಗಳ ಪ್ರಭಾವ ಹಲವು ಗಂಟೆ ಇರುವುದರಿಂದ ಸಕ್ಕರೆ ಮತ್ತೆ ಇಳಿಯಬಹುದು. ಆದ್ದರಿಂದ ನಡೆದದ್ದನ್ನು ವೈದ್ಯರಿಗೆ ಹೇಳಲೇಬೇಕು.

ಹೇಳಿಕೊಟ್ಟ ಮೇಲೆ "ಅರ್ಥವಾಯಿತೇ" ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. "ಪಕ್ಕದ ಮನೆಯಾಕೆಗೆ ನೀವು ಇದನ್ನು ಹೇಗೆ ಹೇಳುತ್ತೀರಿ, ಒಮ್ಮೆ ಹೇಳಿ ನೋಡೋಣ" ಎನ್ನಿ.

ಉತ್ತರ 2 (76 ವರ್ಷ, ಧಾರವಾಡ):

ನಾನೂ ತಮ್ಮ ತಾಯಿಯವರ ಸಾಲಿನವನೇ. ವೈದ್ಯರ ಕೋಣೆಯಲ್ಲಿ ನಾನು ಎದುರಿಗೇ ಕುಳಿತಿದ್ದರೂ "ಅಜ್ಜಾರಿಗೆ ನಿದ್ದಿ ಬರತದೇನು?" ಎಂದು ಮಗನನ್ನು ಕೇಳುತ್ತಿದ್ದರು. ವರ್ಷಗಟ್ಟಲೆ ಹಾಗೆ ಕೇಳಿಸಿಕೊಂಡವನಿಗೆ ಈ ದೇಹದ ಉಸಾಬರಿ ತನ್ನದಲ್ಲವೆಂದೇ ಅನ್ನಿಸಿಬಿಡುತ್ತದೆ.

ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದಾಗ, ದೀರ್ಘಕಾಲದ ಕಾಯಿಲೆಯವರು ತಮ್ಮ ಆರೋಗ್ಯವನ್ನು ತಾವೇ ನೋಡಿಕೊಳ್ಳಲು ಕಲಿಯುವ ಒಂದು ತರಬೇತಿಗೆ ಸೇರಿದ್ದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಮತ್ತು ಸಂಗಡಿಗರು ರೂಪಿಸಿದ್ದು ಅದು. ವಾರಕ್ಕೊಮ್ಮೆ ಎರಡೂವರೆ ಗಂಟೆಯಂತೆ ಆರು ವಾರ. ನಡೆಸಿಕೊಟ್ಟ ಇಬ್ಬರೂ ವೈದ್ಯರಲ್ಲ, ನಮ್ಮಂತೆಯೇ ದೀರ್ಘಕಾಲದ ಕಾಯಿಲೆಯೊಂದಿಗೆ ಬದುಕುವವರು. ಪ್ರತಿ ವಾರವೂ ನಾವು ನಮಗೆ ಬೇಕೆನಿಸಿದ ಒಂದು ಕೆಲಸವನ್ನು ಆರಿಸಿಕೊಂಡು, ಎಷ್ಟು, ಯಾವಾಗ, ವಾರದಲ್ಲಿ ಎಷ್ಟು ದಿನ ಎಂದು ಹೇಳಬೇಕಿತ್ತು. ಆಮೇಲೆ ಅದು ನಮ್ಮಿಂದ ಆಗುತ್ತದೆಂಬ ಭರವಸೆಗೆ 0ಯಿಂದ 10ರವರೆಗೆ ಅಂಕ ಕೊಡಬೇಕಿತ್ತು. ಅಂಕ 7ಕ್ಕಿಂತ ಕಡಿಮೆಯಾದರೆ ಯಾರೂ ಬೈಯುತ್ತಿರಲಿಲ್ಲ, ಕೆಲಸವನ್ನೇ ಚಿಕ್ಕದು ಮಾಡಿಕೊಳ್ಳುತ್ತಿದ್ದೆವು. ದಿನವೂ ಒಂದು ಗಂಟೆ ನಡೆಯುತ್ತೇನೆಂದು ಹೊರಟ ನಾನು ಕೊನೆಗೆ ವಾರಕ್ಕೆ ನಾಲ್ಕು ದಿನ, ಹದಿನೈದು ನಿಮಿಷಕ್ಕೆ ಇಳಿದೆ. ಅದು ಇಂದಿಗೂ ನಡೆದಿದೆ. ಕೆಲಸವನ್ನು ತಾಯಿಯವರೇ ಆರಿಸಲಿ; ತಾವು ಆರಿಸಿಕೊಟ್ಟರೆ ಅದೂ ಇನ್ನೊಂದು ಡಬ್ಬಿಯಾದೀತು.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ:

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ವೈದ್ಯರಲ್ಲಿಗೆ ಹೋದಾಗ ನಾನು ಹೊರಗಿನ ಬೆಂಚಿನಲ್ಲಿ ಕುಳಿತೆ. ಅಮ್ಮ ಚೀಟಿಯಲ್ಲಿ ಬರೆದುಕೊಂಡಿದ್ದ ಎರಡು ಪ್ರಶ್ನೆಗಳನ್ನು ತಾವೇ ಕೇಳಿ, ಏಕಾದಶಿಯಂದು ಯಾವ ಮಾತ್ರೆ ಬಿಡಬೇಕೆಂಬುದನ್ನು ಬರೆಸಿಕೊಂಡು ಬಂದರು. ವಾರಕ್ಕೆ ಮೂರು ದಿನ ಶುಗರ್ ನೋಡಿಕೊಳ್ಳುವುದಕ್ಕೆ ಅವರು ಕೊಟ್ಟ ಅಂಕ 5. ಸೋಮವಾರ, ಗುರುವಾರಕ್ಕೆ ಇಳಿಸಿದಾಗ 9 ಆಯಿತು. ಈಗ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೆ ಶುಗರಿನ ಅಂಕಿಯೂ ಇದೆ. ಒಂದು ತೊಂದರೆ ಉಳಿದಿದೆ: ಚುಚ್ಚಿಕೊಂಡ ಬೆರಳು ಹೂವು ಕಟ್ಟುವಾಗ ನೋಯುತ್ತದಂತೆ.

ಉತ್ತರ 1 ಬರೆದವರಿಂದ:

ಬೆರಳ ತುದಿಯ ನಡುವೆ ಚುಚ್ಚದೆ ಪಕ್ಕಕ್ಕೆ ಚುಚ್ಚಲಿ, ಪ್ರತಿ ಸಲವೂ ಬೆರಳು ಬದಲಿಸಲಿ. ಕೈಗೆ ಬೆಲ್ಲವೋ ಹಣ್ಣಿನ ರಸವೋ ಅಂಟಿದ್ದರೆ ಅಂಕಿ ತಪ್ಪಾಗಿ ಏರುತ್ತದೆ. ಬೆಚ್ಚಗಿನ ನೀರಿನಲ್ಲಿ ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ರಕ್ತವೂ ಸುಲಭವಾಗಿ ಬರುತ್ತದೆ. ಹೂವು ಕಟ್ಟಲು ಯಾವ ಬೆರಳುಗಳು ಬೇಕೆಂದು ಅವರನ್ನೇ ಕೇಳಿ, ಆ ಬೆರಳುಗಳನ್ನು ಬಿಟ್ಟುಬಿಡಲಿ.