‘ವಂಶವಾಹಿ’ ಅಂದರೆ ವಂಶದಿಂದಲೇ ಬಂದಿರಬೇಕಾ?

ಎಲ್ಲರಿಗೂ ನಮಸ್ಕಾರ. ಇಂಗ್ಲಿಷಿನ ‘ಜೀನ್’ಗೆ ನಾವು ಬಳಸುವ ಈ ಪದ ಎರಡು ವಾರದಿಂದ ತಲೆ ತಿನ್ನುತ್ತಿದೆ.

ನಮ್ಮ ಚಿಕ್ಕಮ್ಮನ ಮಗಳನ್ನು ಮಂಡ್ಯದ ಹತ್ತಿರದ ಹಳ್ಳಿಗೆ ಕೊಟ್ಟಿದೆ. ಅವಳ ಮಗುವಿಗೆ ಹುಟ್ಟಿದಾಗಿನಿಂದ ಕೆಳದವಡೆ ತೀರಾ ಚಿಕ್ಕದು, ಕಿವಿಗಳು ಮುದುರಿಕೊಂಡಿವೆ. ಈ ತೊಂದರೆಗೆ ಟ್ರೀಚರ್ ಕಾಲಿನ್ಸ್ ಅಂತ ಡಾಕ್ಟರು ಹೆಸರು ಹೇಳಿದ್ದಾರೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ತೋರಿಸಲು ಬಂದವರು ಮೈಸೂರಿನ ನಮ್ಮ ಮನೆಯಲ್ಲೇ ಉಳಿದರು. ಅವಳ ಅತ್ತೆಗೂ ತಿಳಿಯಲಿ ಅಂತ ನಾನೇ ಒಂದು ಹಾಳೆಯಲ್ಲಿ ಬರೆದುಕೊಟ್ಟೆ: ‘ಇದು ವಂಶವಾಹಿಯ ದೋಷ.’ ಆಕೆ ಓದಿದರು. ಹಾಳೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಸೊಸೆಯ ಕಡೆ ತಿರುಗಿ, “ಯಾರ ವಂಶದ್ದವ್ವ ಇದು? ನಿಮ್ ಕಡೆದಾ?” ಅಂದರು.

ತಪ್ಪು ಆಕೆಯದಲ್ಲ, ನನ್ನ ಪದದ್ದು. ಅಪ್ಪ ಅಮ್ಮ ಇಬ್ಬರಿಗೂ ಪರೀಕ್ಷೆ ಆಗಿದೆ, ಮಗುವಿನ ಜೀನಿನಲ್ಲಿರುವ ಬದಲಾವಣೆ ಇಬ್ಬರಲ್ಲೂ ಇಲ್ಲ. ಈ ತೊಂದರೆ ಇರುವ ಮಕ್ಕಳಲ್ಲಿ ಸುಮಾರು 60 ಶೇಕಡಾ ಮಂದಿಗೆ ಅದು ಹೊಸದಾಗಿಯೇ ಆಗಿರುತ್ತದೆ. 1996ರಲ್ಲಿ ಗುರುತಾದ ಟಿಸಿಒಎಫ್1 ಎಂಬ ಜೀನ್ ಕೆಟ್ಟರೆ, ಭ್ರೂಣದಲ್ಲಿ ಮುಖದ ಕಡೆ ಸಾಗಬೇಕಾದ ಜೀವಕೋಶಗಳು ಬಹಳಷ್ಟು ಸತ್ತುಹೋಗುತ್ತವೆ. ಕೆಳದವಡೆ, ಕಿವಿಯೊಳಗಿನ ಸುತ್ತಿಗೆ, ಅಡಿಗಲ್ಲು ಎಂಬ ಪುಟ್ಟ ಮೂಳೆಗಳು, ಈ ಮೂರೂ ಭ್ರೂಣದ ಕುತ್ತಿಗೆಯ ಬಳಿ ಕಮಾನಿನಂತೆ ಮೂಡುವ ಒಂದೇ ಭಾಗದಿಂದ ಬೆಳೆಯುವಂಥವು. ಅದಕ್ಕೇ ದವಡೆ, ಕಿವಿ ಒಟ್ಟಿಗೆ ಸೊರಗುತ್ತವೆ. ಇದರಲ್ಲಿ ‘ವಂಶ’ ಎಲ್ಲಿ ಬಂತು?

‘ಜೀನು’ ಅಂತಲೇ ಬರೆಯೋಣ ಅಂದರೆ ನಮ್ಮಪ್ಪ “ಕುದುರೆ ಮೇಲೆ ಹಾಕ್ತಾರಲ್ಲ, ಅದಾ?” ಅಂದರು. (ಕಿವಿಯೊಳಗಿನ ಮೂರನೇ ಮೂಳೆಗೆ ರಿಕಾಪು ಅಂತ ಹೆಸರು. ಜೀನೂ ಸಿಕ್ಕಿತು, ಕುದುರೆ ಒಂದು ಬಾಕಿ.) ಜೀನಿಗೇ ಇರುವ ಇನ್ನೊಂದು ಪದ ‘ಗುಣಾಣು’ ಕೇಳಿದರೆ ರೋಗಾಣು, ವೈರಾಣು ನೆನಪಾಗಿ ಮಗುವನ್ನು ಮುಟ್ಟಲು ಹೆದರುತ್ತಾರೆ.

‘ದೋಷ’ವಂತೂ ಇನ್ನೂ ಕಷ್ಟ. ಕುಜದೋಷ, ನಾಗದೋಷದ ಪಕ್ಕ ಹೋಗಿ ಕೂತುಬಿಡುತ್ತದೆ. ಸೀಳುತುಟಿಗೆ ಊರಲ್ಲಿ ‘ಗ್ರಹಣ ಹಿಡಿದದ್ದು’ ಅನ್ನುತ್ತಾರೆ. ಅಲ್ಲೂ ಬಸುರಿ ಆಚೆ ಬಂದಳು ಅಂತ ಅವಳ ತಲೆಗೇ ಕಟ್ಟೋದು, ಅಲ್ವಾ? ‘ನ್ಯೂನತೆ’ ಸರ್ಕಾರಿ ಅರ್ಜಿಯ ಮಾತು. ‘ಊನ’ ನನಗೆ ಪರವಾಗಿಲ್ಲ ಅನ್ನಿಸುತ್ತದೆ, ತಂಗಿಗೆ ಇಷ್ಟವಿಲ್ಲ.

ಸದ್ಯಕ್ಕೆ ನನಗೆ ಹೊಳೆದದ್ದು ‘ಕಣ್ತಪ್ಪು’. ನಕಲು ಮಾಡುವಾಗ ಒಂದು ಅಕ್ಷರ ಜಾರಿದ ಹಾಗೆ, ಯಾರೂ ಬೇಕಂತ ಮಾಡಿದ್ದಲ್ಲ. ಆದರೆ ‘ಯಾರ ಕಣ್ಣು?’ ಅಂತ ದೃಷ್ಟಿಗೆ ತಿರುಗಿಸಿಬಿಟ್ಟರೆ?

ಆಸ್ಪತ್ರೆಯಲ್ಲಿ, ಶಾಲೆಯಲ್ಲಿ ಇಂಥದ್ದನ್ನು ದಿನಾ ವಿವರಿಸುವವರು ಬಾಯಲ್ಲಿ ಏನಂತ ಹೇಳುತ್ತೀರಿ? ಮುಂದಿನ ತಿಂಗಳು ಅವರು ಮತ್ತೆ ಬರುತ್ತಾರೆ. ಅಷ್ಟರೊಳಗೆ ಆ ಹಾಳೆ ತಿದ್ದಿ ಬರೆಯಬೇಕು.